ಹಲಗೆ ಮೇಲಿನ ಉಸಿರು

ಗಫಾರ್ ಸಾಯುವಾಗ ಅವನ ಹೆಂಡತಿ ಮೆಹರುನ್ನಿಸಾ ಪಕ್ಕದಲ್ಲಿರಲಿಲ್ಲ. ಆಸ್ಪತ್ರೆಯ ಮಂಚದ ಬಳಿ ಎರಡು ಗಂಟೆ ನಲವತ್ತು ನಿಮಿಷ ನಿಂತಿದ್ದಳು. ಆಮೇಲೆ ಅವಳ ಎದೆಯೊಳಗೆ ಸೀಟಿ ಶುರುವಾಯಿತು. ಗಫಾರ್ ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಬೆರಳಾಡಿಸಿ ಹೋಗು ಎಂದ. ಅವಳು ಆಟೋ ಹತ್ತಿ ಕಾರ್ಖಾನೆಗೆ ಹೋಗಿ, ಹಲಗೆಯ ಮೇಲೆ ಕೂತು, ಉಸಿರು ತುಂಬಿಸಿಕೊಂಡು ವಾಪಸ್ ಬರುವಷ್ಟರಲ್ಲಿ ಅವನ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಉಸಿರು ತುಂಬಿಸಿಕೊಳ್ಳುವುದು ಎಂಬುದು ಮಾತಿನ ಅಲಂಕಾರವಲ್ಲ. ಶಿಡ್ಲಘಟ್ಟದ ಅಂಚಿನ ಆ ರೇಷ್ಮೆ ಕಾರ್ಖಾನೆಯಲ್ಲಿ ನೂಲು ಬಿಚ್ಚುವ ನೂರನಲವತ್ತು ಹೆಂಗಸರು ದಿನಾ ಮಾಡುತ್ತಿದ್ದ ಕೆಲಸ ಅದು.

ಗೂಡು ಬಿಸಿನೀರಿನ ಬೇಸಿನ್ನಿನಲ್ಲಿ ಬೇಯುವಾಗ ಅಂಟು ಬಿಡುತ್ತದೆ. ಆ ಅಂಟಿನ ಆವಿಯನ್ನು ಹತ್ತಿಪ್ಪತ್ತು ವರ್ಷ ಕುಡಿದವರಿಗೆ ದಮ್ಮು ಹಿಡಿಯುತ್ತದೆ. ಇದು ಅಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಹೊಸದು ಡಾಕ್ಟರ್ ಸುಧನ್ವ ತಂದದ್ದು. ಅವರು ಅದೇ ಬೇಸಿನ್ನಿನ ನೀರನ್ನು ಸೋಸಿ, ಅದೇ ಅಂಟಿಗೆ ವಿದ್ಯುತ್ ಹರಿಸುವ ಕರಿಯ ಪುಡಿ ಬೆರೆಸಿ ಒಂದು ಲೋಳೆ ಮಾಡಿದರು. ಮಿದುಳಿನಿಂದ ಕತ್ತಿನ ಮೂಲಕ ಹೃದಯಕ್ಕೂ ಶ್ವಾಸಕೋಶಕ್ಕೂ ಇಳಿಯುವ ನರವೊಂದಿದೆ, ಬೇಯಿಸಿದ ಶಾವಿಗೆಯಷ್ಟು ಮೆದು. ಲೋಹದ ತಂತಿ ಸುತ್ತಿದರೆ ಅದನ್ನು ಕೊಯ್ದುಹಾಕುತ್ತದೆ. ಲೋಳೆ ಕೊಯ್ಯುವುದಿಲ್ಲ, ಅಪ್ಪಿಕೊಳ್ಳುತ್ತದೆ. ಸೂಜಿಯಲ್ಲಿ ಕತ್ತಿನ ಎಡಬದಿಗೆ ಇಳಿಸಿದರೆ ನರದ ಸುತ್ತ ಕಪ್ಪೆ ಮೊಟ್ಟೆಯ ಹಾಗೆ ಹೆಪ್ಪುಗಟ್ಟಿ ಕೂರುತ್ತದೆ. ಅದಕ್ಕೆ ಬ್ಯಾಟರಿ ಇಲ್ಲ. ಹೆಂಗಸರು ಕೂರುವ ಹಲಗೆಯ ಅಡಿಯಲ್ಲಿ ತಾಮ್ರದ ಸುರುಳಿ. ಸುರುಳಿ ಮಿಡಿದರೆ ಲೋಳೆ ಮಿಡಿಯುತ್ತದೆ, ಲೋಳೆ ಮಿಡಿದರೆ ನರ, ನರ ಮಿಡಿದರೆ ಬಿಗಿದ ಶ್ವಾಸನಾಳ ಬಿಚ್ಚಿಕೊಳ್ಳುತ್ತದೆ.

ಮೊದಲ ವಾರ ಹೆಂಗಸರು ಅತ್ತರು. ಖುಷಿಗೆ. ಮೆಹರ್ ಮೂರು ಮಹಡಿ ಮೆಟ್ಟಿಲು ಸುಮ್ಮಸುಮ್ಮನೆ ಹತ್ತಿ ಇಳಿದಿದ್ದಳು.

ಎರಡು ವರ್ಷದಲ್ಲಿ ನರ ಸೋಮಾರಿಯಾಯಿತು. ಹಲಗೆ ಮಿಡಿಸಿದರೆ ಮಾತ್ರ ಮಿಡಿಯುತ್ತೇನೆ ಎಂದಿತು. ಹಳೆಯ ಸೇದುವ ಔಷಧಿ ಯಾವುದೂ ನಾಟಲಿಲ್ಲ. ಹಲಗೆ ಬಿಟ್ಟು ಎದ್ದರೆ ಮಿಡಿತದ ಗುಂಗು ಮೂರು ಗಂಟೆ ಉಳಿಯುತ್ತದೆ, ಆಮೇಲೆ ಸೀಟಿ. ಹಾಗಾಗಿ ಕಂಪನಿ ಕಾರ್ಖಾನೆಯ ಹಿಂಭಾಗದಲ್ಲಿ ಮಲಗುವ ಶೆಡ್ಡು ಕಟ್ಟಿಸಿ ಅಲ್ಲೂ ಹಲಗೆ ಹಾಕಿಸಿತು. ಹೆಂಗಸರು ಮನೆಗೆ ನೆಂಟರ ಹಾಗೆ ಹೋಗಿ ಬರತೊಡಗಿದರು. ಗೈರುಹಾಜರಿ ಎಂಬುದೇ ನಿಂತುಹೋಯಿತು. ಆ ವರ್ಷ ಕಂಪನಿಗೆ ಕಾರ್ಮಿಕ ಕ್ಷೇಮದ ಪ್ರಶಸ್ತಿ ಬಂತು.

ಗಂಡನನ್ನು ಮಣ್ಣು ಮಾಡಿದ ಸಂಜೆ ಮೆಹರ್ ಡಾಕ್ಟರ ಬಳಿ ಹೋದಳು. ಜೊತೆಗೆ ಪಕ್ಕದ ಬೇಸಿನ್ನಿನ ವೆಂಕಟರೋಣಮ್ಮ. ಹತ್ತೊಂಬತ್ತು ವರ್ಷ ಮೊಣಕೈಗೆ ಮೊಣಕೈ ತಾಗಿಸಿ ಕೂತವರು ಅವರಿಬ್ಬರು.

"ಸಾರ್, ನಾಕು ತಿಂಗಳು ಹತ್ತು ದಿನ ನಾನು ಮನೇಲಿ ಕೂರಬೇಕು. ಇದ್ದತ್ತು. ಗಂಡ ಸತ್ತ ಹೆಂಗಸು ಮನೆ ಬಿಟ್ಟು ಬರಬಾರದು. ಒಂದು ಹಲಗೆ ಮನೆಗೆ ಕೊಡಿ."

"ಇಲ್ಲೇ ಮಲಗೋ ಶೆಡ್ಡಲ್ಲಿ ಕೂತ್ಕೊಳ್ಳಿ ಮೆಹರಮ್ಮ. ಪರದೆ ಕಟ್ಟಿಸಿ ಕೊಡ್ತೀವಿ," ಎಂದರು ಸುಧನ್ವ. ಅವರು ಯಾರಿಗೂ ಗದರಿದವರಲ್ಲ. "ಅನಿವಾರ್ಯ ಇದ್ರೆ ಹೊರಗಡೆ ಹೋಗಬಹುದು ಅಂತ ನಿಮ್ಮ ಧರ್ಮದಲ್ಲೇ ಇದೆಯಂತಲ್ಲ."

"ಐತೆ ಸಾರ್. ಅಲ್ಲಾ ಬಿಟ್ಟವ್ನೆ. ನಾನು ಬಿಡಲ್ಲ. ಅವನು ಸಾಯೋವಾಗ ನಾನು ಇಲ್ಲಿ ಹಲಗೆ ಮೇಲಿದ್ದೆ. ಅವನ ಮನೇಲಿ, ಅವನ ಚಾಪೆ ಮೇಲೆ ಕೂರಬೇಕು ನಾನು."

"ಹಲಗೆ ಕಾರ್ಖಾನೆಯೊಳಗಿನ ಉಪಕರಣ ಅಂತ ಅನುಮತಿ ಸಿಕ್ಕಿರೋದು. ಮನೆ ಕರೆಂಟು ನಂಬೋಕಾಗಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಹೊರಗೆ ಬಂದ ಮೇಲೆ ರೋಣಮ್ಮ ಅಂದಳು: "ಒಳ್ಳೇದಕ್ಕೆ ಅಂದ್ನಲ್ಲ, ಮುಗೀತು ಕಣೇ. ಆ ಮಾತು ಬಂದ್ಮೇಲೆ ಇನ್ನು ಏನೂ ಕೊಡಾಕಿಲ್ಲ."

ಮೆಹರ್ ಮನೆಗೇ ಹೋದಳು. ಸತ್ತರೆ ಅಲ್ಲೇ ಎಂದು.

ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹತ್ತಿಸುವುದಿಲ್ಲ. ಊಟ ನೆಂಟರ ಮನೆಗಳಿಂದ ಬರುತ್ತದೆ. ಅದೇ ರಾತ್ರಿ ಮೆಹರಳ ಎದೆ ಕಟ್ಟಿತು. ತುಟಿ ನೇರಳೆಯಾಯಿತು. ಹತ್ತೊಂಬತ್ತು ವರ್ಷದ ಮಗಳು ಶಬೀನಾ ದಿಕ್ಕು ತೋಚದೆ, ಬಿಸಿನೀರಾದರೂ ಕುಡಿಸೋಣವೆಂದು ಗ್ಯಾಸಿನ ಕಡೆ ಓಡಿದಳು. ಅಜ್ಜಿ, ಗಫಾರನ ತಾಯಿ, ಕೈ ಹಿಡಿದಳು: ಒಲೆ ಹತ್ತಿಸಬೇಡ.

"ಹಂಗಾದ್ರೆ ಇಂಡಕ್ಷನ್ ಮೇಲೆ ಇಡ್ತೀನಿ ದಾದಿ. ಅದರಲ್ಲಿ ಬೆಂಕಿ ಇಲ್ವಲ್ಲ."

ಅಜ್ಜಿ ಯೋಚಿಸಿ ಹೂಂ ಎಂದಳು. ಅಡುಗೆಮನೆಯ ಪ್ಲಗ್ಗು ಸುಟ್ಟಿತ್ತು. ಮೆಹರ್ ಮಲಗಿದ್ದ ಚಾಪೆಯ ತಲೆದಿಂಬಿನ ಪಕ್ಕವೇ ಇನ್ನೊಂದು ಪ್ಲಗ್ಗು. ಶಬೀನಾ ಅಲ್ಲೇ ಒಲೆ ಇಟ್ಟು, ಸ್ಟೀಲಿನ ದಬರಿಯಲ್ಲಿ ನೀರಿಟ್ಟು ಗುಂಡಿ ಒತ್ತಿದಳು. ಕಡಿಮೆ ಉರಿಗೆ ಇಟ್ಟಾಗ ಆ ಅಗ್ಗದ ಒಲೆ ಒಂದು ಸಲ ಹತ್ತುತ್ತದೆ, ಒಂದು ಸಲ ಆರುತ್ತದೆ. ಅದರೊಳಗೂ ತಾಮ್ರದ ಸುರುಳಿಯೇ. ಒಲೆ ಮೂರು ಸಲ ಹತ್ತಿ ಆರುವುದರೊಳಗೆ ಮೆಹರ್ ಕಣ್ಣು ಬಿಟ್ಟಳು. ಐದನೆಯದಕ್ಕೆ ಎದ್ದು ಕೂತಳು. ಕೂತದ್ದೇ ಮತ್ತೆ ಸೀಟಿ ಬಂತು. ಮಲಗಿ ಕತ್ತನ್ನು ಒಲೆಯ ಅಂಚಿಗೆ ಒತ್ತಿದಳು. ಉಸಿರು ಬಂತು.

"ಶಬ್ಬೂ," ಎಂದಳು, "ರೋಣಕ್ಕನ್ನ ಕರಿ."

ರೋಣಮ್ಮನನ್ನೇ ಏಕೆ ಕರೆಯಬೇಕು ಎಂದರೆ ಅವಳ ಬೆರಳಿಗಾಗಿ. ನೀರು ತುಸು ತಣ್ಣಗಿದ್ದರೆ ಗೂಡಿನ ಅಂಟು ಬಿಡದೆ ಎಳೆ ತುಂಡಾಗುತ್ತದೆ, ತುಸು ಕಾದರೆ ಎಳೆ ಜಡೆಗಟ್ಟುತ್ತದೆ. ಕಾರ್ಖಾನೆಯಲ್ಲಿ ಬಿಸಿ ಅಳೆಯುವ ಯಂತ್ರ ಇತ್ತು. ಅದನ್ನು ಯಾರೂ ನಂಬುತ್ತಿರಲಿಲ್ಲ. ರೋಣಮ್ಮ ತೋರುಬೆರಳು ಅದ್ದಿ "ಇನ್ನೊಂದೀಟು" ಅಂದರೆ ಇನ್ನೊಂದಿಷ್ಟು, "ಸಾಕು" ಅಂದರೆ ಸಾಕು. ಬಿಳಿಚಿ, ಉಗುರಿನ ಬುಡ ಕೊಳೆತು, ಗೆರೆ ಸವೆದ ಬೆರಳು ಅದು.

ಅವಳು ಬಂದು ಒಲೆ ನೋಡಿದಳು, ಮೆಹರಳ ಕತ್ತು ನೋಡಿದಳು. ಚುಚ್ಚಿದ ಜಾಗದಲ್ಲಿ ಅವರೆಲ್ಲರಿಗೂ ಚರ್ಮ ಮರಗಟ್ಟಿತ್ತು. ಚಿವುಟಿದರೂ ತಿಳಿಯುತ್ತಿರಲಿಲ್ಲ.

"ಬಿಸಿ ಆಗ್ತೈತೇನೇ ಒಳಗೆ?"

"ಗೊತ್ತಾಗಲ್ಲ ಅಕ್ಕಾ. ಅಲ್ಲಿ ಏನೂ ಗೊತ್ತಾಗಲ್ಲ."

"ಅಂಗಾರೆ ನಾನು ನೋಡ್ತೀನಿ ಬಿಡು." ರೋಣಮ್ಮ ಮೆಹರಳ ಕತ್ತಿನ ಮೇಲೆ ಬೆರಳಿಟ್ಟಳು. ಬೇಸಿನ್ನಿನಲ್ಲಿ ಕಣ್ಣು ಮುಚ್ಚಿಕೊಳ್ಳುವ ಹಾಗೆಯೇ ಕಣ್ಣು ಮುಚ್ಚಿಕೊಂಡಳು. "ಉಗುರುಬೆಚ್ಚಗೈತೆ. ಗೂಡಿಗೂ ಸಾಲದು. ಭಯ ಬೀಳಬ್ಯಾಡ."

ಅಲ್ಲಿಂದ ಆ ಮನೆಗೆ ಹೆಂಗಸರ ದಾರಿಯಾಯಿತು. ಮಾತಾಡಿಸಿಕೊಂಡು ಬರುತ್ತೇವೆ ಎಂದು ಮೇಸ್ತ್ರಿಗೆ ಹೇಳಿ ಬರುವುದು, ಸರದಿಯ ಮೇಲೆ ಒಲೆಯ ಪಕ್ಕ ಕತ್ತು ಚಾಚಿ ಮಲಗುವುದು. ನೀರು ಕುದಿ ಬಂದರೆ ದಬರಿ ಬದಲಿಸುವುದು ಶಬೀನಾಳ ಕೆಲಸ, ಕತ್ತಿನ ಮೇಲೆ ಬೆರಳಿಡುವುದು ರೋಣಮ್ಮನ ಕೆಲಸ. ಎರಡು ವರ್ಷದಲ್ಲಿ ಮೊದಲ ಸಲ ಅವರು ಗೇಟಿನ ಹೊರಗೆ ಗಡಿಯಾರ ನೋಡದೆ ಕೂತರು.

"ಗಂಡಸರಿಗೆ ಬೇಯಿಸಿ ಹಾಕೋಕೆ ಒಲೆ ಮುಂದೆ ಕೂತಿದ್ದು ಸಾಲ್ದು ಅಂತ ಈಗ ನಾವೇ ಬೇಯ್ತಿದೀವಿ," ಎಂದಳು ಗೌರಮ್ಮ, ದಪ್ಪನೆಯವಳು, ಹದಿನೆಂಟನೇ ಬೇಸಿನ್ನಿನವಳು.

"ನೀನು ಬೇಯಾಕೆ ಸಂಜೆವರ್ಗೂ ಬೇಕು, ಏಳು, ಸರದಿ ಬಿಡು," ಎಂದಳು ರೋಣಮ್ಮ.

ಮೆಹರ್ ನಗುತ್ತಿದ್ದಳು. ವಿಧವೆ ನಗಬಾರದೆಂದು ಅತ್ತೆ ಕೆಮ್ಮಿದರೆ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಗಫಾರನ ಚಾಪೆ ಬಿಟ್ಟು ಅವಳು ಅಲ್ಲಾಡಲಿಲ್ಲ. ಗೋಡೆಯ ಮೇಲೆ ಇದ್ದಲಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಿದ್ದಳು.

ಕಂಟ್ರೋಲ್ ರೂಮು ಕಾರ್ಖಾನೆಯ ಮೂರನೆಯ ಮಹಡಿಯಲ್ಲಿತ್ತು. ತಣ್ಣಗಿನ ಕೋಣೆ. ಗೋಡೆಯಗಲದ ಪರದೆಯ ಮೇಲೆ ನೂರನಲವತ್ತು ಚುಕ್ಕಿಗಳು. ಹೆಂಗಸರ ಕೊರಳಲ್ಲಿ ಸದಾ ತೂಗುವ ಗುರುತಿನ ಬಿಲ್ಲೆ ಅವರ ಉಸಿರು, ಲೋಳೆಯ ಬಿಸಿ, ಇರುವ ಜಾಗ ಎಲ್ಲವನ್ನೂ ಇಲ್ಲಿಗೆ ಒಪ್ಪಿಸುತ್ತಿತ್ತು. ಅದರ ಮುಂದೆ ಕೂತವಳು ಚಿಂತಾಮಣಿಯ ನಳಿನಾಕ್ಷಿ, ಡಿಪ್ಲೊಮಾ ಮುಗಿಸಿ ಸೇರಿಕೊಂಡವಳು.

"ಸಾರ್, ಏಳನೇ ನಂಬರ್, ಮೆಹರಮ್ಮ, ಮನೇಲಿದ್ದಾರೆ. ಹತ್ತೊಂಬತ್ತು ಗಂಟೆ ಆಯ್ತು. ಉಸಿರು ಚೆನ್ನಾಗಿದೆ."

"ಬಿಲ್ಲೆ ಕೆಟ್ಟಿರಬೇಕು," ಎಂದರು ಸುಧನ್ವ.

"ಇಲ್ಲ ಸಾರ್. ಲೋಳೆಗೆ ಕರೆಂಟ್ ಬರ್ತಾ ಇದೆ. ನಮ್ಮದಲ್ಲದ ಕರೆಂಟು."

ಅವರು ಬಂದು ಮಿಡಿತದ ಗೆರೆ ನೋಡಿದರು. ಅರ್ಧ ನಿಮಿಷ. ಆಮೇಲೆ ನಕ್ಕರು. ಆ ನಗುವಿನಲ್ಲಿ ನಿಜವಾದ ಮೆಚ್ಚುಗೆ ಇತ್ತು. "ಇಂಡಕ್ಷನ್ ಒಲೆ. ಐದು ವರ್ಷ ನಾನು ತಲೆ ಕೆಡಿಸಿಕೊಂಡದ್ದನ್ನ ಈ ಹೆಂಗಸರು ದಬರಿ ಇಟ್ಕೊಂಡು ಮಾಡಿದ್ರಲ್ರೀ."

"ಲೋಳೆ ಕಾಯಲ್ವಾ ಸಾರ್?"

"ಕಾಯುತ್ತೆ. ಒಂದು ಮಟ್ಟ ದಾಟಿದ್ರೆ ಮುದುಡಿ ಗಂಟಾಗುತ್ತೆ, ನರ ಹಿಸುಕುತ್ತೆ. ಹೃದಯಕ್ಕೂ ಅದೇ ನರ ತಾನೆ."

"ಎಷ್ಟಕ್ಕೆ?"

"ಮೊಲದಲ್ಲಿ ನಲವತ್ತಾರು ಡಿಗ್ರಿ. ಮನುಷ್ಯರಲ್ಲಿ ಗೊತ್ತಿಲ್ಲ. ಅದನ್ನ ಪರೀಕ್ಷೆ ಮಾಡೋಕೆ ಯಾವ ಸಮಿತಿ ಒಪ್ಪುತ್ತೆ ಹೇಳಿ."

ನಳಿನಾಕ್ಷಿ ಪರದೆಯತ್ತ ಬೆರಳು ಮಾಡಿ, "ಹೇಳಿಬಿಡೋಣ ಸಾರ್ ಅವರಿಗೆ," ಎಂದಳು.

"ಏನಂತ? ಒಲೆ ಬಳಸಬೇಡಿ ಅಂದ್ರೆ ಹಲಗೆ ಕೊಡಿ ಅಂತಾರೆ. ಬಳಸಿ ಅಂದ್ರೆ ನಾವು ಜವಾಬ್ದಾರರು. ನಾವು ಏನೂ ಮಾಡಿಸಿಲ್ಲ. ನೋಡ್ತಿದ್ದೀವಿ, ಅಷ್ಟೆ." ಹೋಗುತ್ತಾ ಬಾಗಿಲಲ್ಲಿ ತಿರುಗಿದರು. "ಒಂದು ಹೊಸ ಕಡತ ತೆಗೀರಿ. ಗಂಟೆಗೊಂದು ಸಲ ಬಿಸಿ ಬರ್ಕೊಳ್ಳಿ."

ಅವಳು ಬರೆದುಕೊಂಡಳು. ಮೂವತ್ತೆಂಟು. ಮೂವತ್ತೆಂಟೂವರೆ. ನಲವತ್ತು. ನರಕ್ಕೆ ಒಲೆಯೂ ಅಭ್ಯಾಸವಾಗುತ್ತಿತ್ತು, ದಿನ ಹೋದಂತೆ ಮೆಹರಳಿಗೆ ಉರಿ ಏರಿಸಬೇಕಾಗುತ್ತಿತ್ತು. ಉಳಿದ ಹೆಂಗಸರು ಹಲಗೆಗೆ ಮರಳುತ್ತಿದ್ದರು. ಅವಳೊಬ್ಬಳೇ ಇಪ್ಪತ್ತನಾಲ್ಕು ಗಂಟೆಯೂ ಒಲೆಯ ಮೇಲೆ. ನಲವತ್ತೆರಡು. ಮನೆಗೆ ಹೋದಾಗ ನಳಿನಾಕ್ಷಿಗೆ ತಾಯಿ ಹಾಲು ಕಾಯಿಸಿ ಕೊಟ್ಟರೆ ಲೋಟ ಮುಟ್ಟಿ, ಇದೆಷ್ಟಿರಬಹುದು ಎಂದು ಲೆಕ್ಕ ಹಾಕುತ್ತಿದ್ದಳು. ಕುಡಿಯುತ್ತಿರಲಿಲ್ಲ. ಹಾಗಂತ ಯಾರಿಗೂ ಹೇಳಲೂ ಇಲ್ಲ.

ಮೂವತ್ತೆಂಟನೆಯ ಗೆರೆ ಎಳೆದ ದಿನ, ಮಧ್ಯಾಹ್ನ. ಒಲೆ ಆರನೆಯ ಮಟ್ಟದಲ್ಲಿತ್ತು. ಮೆಹರ್ ಅಂಚಿಗೆ ಕತ್ತಿಟ್ಟು ಮಲಗಿದ್ದಳು. ರೋಣಮ್ಮನ ಬೆರಳು ಅವಳ ಕತ್ತಿನ ಮೇಲೆ.

"ಕೆಂಪಗಾಗೈತೆ ಖಾಲಾ," ಎಂದಳು ಶಬೀನಾ, ತಾಯಿಯ ಅಕ್ಕನನ್ನು ಕರೆಯುವ ಹಾಗೆ.

"ಸೆಕೆಗೆ ಕಣವ್ವ. ನೋಡ್ತಾ ಇವ್ನಿ ನಾನು. ಉಗುರುಬೆಚ್ಚಗೈತೆ."

ಮೆಹರ್ ಗಫಾರನ ಕತೆ ಹೇಳುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅವನು ಗೂಡು ಮಾರ್ಕೆಟ್ಟಿನಲ್ಲಿ ಹಮಾಲಿ. ಹಬ್ಬದ ಸೀರೆ ತರುತ್ತೇನೆಂದು ಹೋದವನು ಹೆಗಲ ಮೇಲೆ ಕುರಿ ಹೊತ್ತುಕೊಂಡು ಬಂದಿದ್ದ. "ನಾನು ಕೇಳಿದೆ, ಇದನ್ನ ಉಟ್ಕೊಳ್ಳೋದಾ ಅಂತ. ಅವನು ಏನಂದ ಗೊತ್ತಾ ಅಕ್ಕಾ," ಎಂದವಳು ಅಲ್ಲಿಗೆ ನಿಲ್ಲಿಸಿದಳು.

"ಏನಂದ?" ಎಂದಳು ರೋಣಮ್ಮ.

ಗೌರಮ್ಮ ಆಗಲೇ ನಗಲು ಶುರು ಮಾಡಿದ್ದಳು.

"ಏನಂದ್ನೇ?"

ಬೆರಳಿನ ಕೆಳಗೆ ನಾಡಿ ಇರಲಿಲ್ಲ. ರೋಣಮ್ಮ ಬೆರಳು ಒತ್ತಿ ಹುಡುಕಿದಳು. ಶಬೀನಾ ತಾಯಿಯ ಕತ್ತಿಗೆ ಕೈ ಹಾಕಿದವಳು ಸುಟ್ಟಂತಾಗಿ ಹಿಂದೆಗೆದುಕೊಂಡಳು. ತನ್ನ ಕೈ ನೋಡಿಕೊಂಡಳು, ಆಮೇಲೆ ರೋಣಮ್ಮನ ಕೈ ನೋಡಿದಳು. ರೋಣಮ್ಮನ ಬೆರಳು ಇನ್ನೂ ಅಲ್ಲೇ ಇತ್ತು.

ಮೂರನೆಯ ಮಹಡಿಯಲ್ಲಿ ನಳಿನಾಕ್ಷಿ ಕಡತದಲ್ಲಿ ನಲವತ್ತೇಳು ಎಂದು ಬರೆದಳು. ಅದರ ಮುಂದೆ ಸಮಯ ಬರೆಯಬೇಕಿತ್ತು. ಬರೆದಳು.

ಮಾರನೆಯ ದಿನ ಕಾರ್ಖಾನೆಯಲ್ಲಿ ಸಂತಾಪ ಸಭೆ. ಡಾಕ್ಟರ್ ಸುಧನ್ವ ಎರಡು ನಿಮಿಷ ಮಾತಾಡಿದರು. ಮನೆಯ ಒಲೆಗಳನ್ನು ಹೀಗೆ ಬಳಸುವುದು ಅಪಾಯ ಎಂದರು. ಆಮೇಲೆ ಮೆಟ್ಟಿಲಿಳಿದು ಎಲ್ಲರೆದುರು ರೋಣಮ್ಮನ ಭುಜ ಮುಟ್ಟಿದರು.

"ನೀವು ಮನಸ್ಸಿಗೆ ಹಚ್ಕೋಬೇಡಿ ಅಮ್ಮ. ಇಪ್ಪತ್ತು ವರ್ಷ ಬಿಸಿನೀರಲ್ಲಿ ಬೆಂದ ಬೆರಳು. ಅದಕ್ಕೆ ಗೊತ್ತಾಗಲ್ಲ. ನಿಮ್ಮ ತಪ್ಪಲ್ಲ."

ಅಲ್ಲಿಯವರೆಗೆ ಯಾರಿಗೂ ಅದು ರೋಣಮ್ಮನ ತಪ್ಪು ಎಂದು ಹೊಳೆದಿರಲಿಲ್ಲ. ಈಗ ನೂರಮೂವತ್ತೆಂಟು ಹೆಂಗಸರು ಅವಳ ಕೈ ನೋಡಿದರು. ಆ ದಿನದಿಂದ ನೀರು ನೋಡಲು ಅವಳನ್ನು ಯಾರೂ ಕರೆಯಲಿಲ್ಲ. ಗೋಡೆಯ ಯಂತ್ರ ನೋಡತೊಡಗಿದರು.

ನಾಲ್ಕನೆಯ ದಿನ ಊಟದ ವೇಳೆಗೆ ನಳಿನಾಕ್ಷಿ ಕೆಳಗಿಳಿದು ಬಂದು ರೋಣಮ್ಮನ ಬೇಸಿನ್ನಿನ ಪಕ್ಕ ನಿಂತಳು. ಸತ್ತ ಹುಳುವಿನ ವಾಸನೆಗೆ ಅವಳು ಮೂಗು ಮುಚ್ಚಿಕೊಳ್ಳಲಿಲ್ಲ.

"ನಾವು ನೋಡ್ತಿದ್ವಿ ಅಮ್ಮ. ಮೊದಲ ದಿನದಿಂದ. ಬಿಸಿ ಎಷ್ಟು ಏರ್ತಿದೆ ಅಂತ ಗಂಟೆಗೊಂದು ಸಲ ನಾನೇ ಬರ್ದಿದ್ದೀನಿ. ನಲವತ್ತಾರರ ಮೇಲೆ ಹೋದ್ರೆ ಸಾಯ್ತಾರೆ ಅಂತ ಡಾಕ್ಟ್ರಿಗೆ ಅನುಮಾನ ಇತ್ತು. ಬಿಲ್ಲೇನ ಒಂದು ಸಲ ಕಿರುಗುಟ್ಟಿಸಿದ್ರೆ ಸಾಕಿತ್ತು."

ರೋಣಮ್ಮ ಎಳೆ ಬಿಡಲಿಲ್ಲ. ಎಳೆ ಸುತ್ತುತ್ತಲೇ ಕೇಳಿದಳು: "ಆಗ ಯಾಕೆ ಏಳ್ಳಿಲ್ಲ ನೀನು?"

"ಭಯ ಆಯ್ತು. ಕೆಲಸ ಹೋಗುತ್ತೆ ಅಂತ."

"ಈಗ ಯಾಕೆ ಏಳ್ದೆ?"

ನಳಿನಾಕ್ಷಿ ಬೇಸಿನ್ನಿನ ಅಂಚು ಹಿಡಿದುಕೊಂಡಳು.

"ನಿಂಗೆ ಅಗುರಾಗ್ಲಿ ಅಂತ ತಾನೆ. ಅಗುರಾಯ್ತಾ? ಓಗು." ಇನ್ನೊಂದು ಗೂಡಿನ ಎಳೆ ಹಿಡಿದು, "ಅವರು ಕಣ್ಣಿಟ್ಕಂಡು ನೋಡಿ ಕೊಂದ್ರು. ನಾನು ಕೈಯಿಟ್ಕಂಡು ಕೊಂದೆ. ನಿನ್ ಮಾತಿಂದ ನನ್ ಪಾಲು ಏನೂ ಕಮ್ಮಿ ಆಗ್ಲಿಲ್ಲ ಕಣವ್ವ," ಎಂದಳು.

ಆದರೆ ಸಂಜೆ ಅವಳು ನಳಿನಾಕ್ಷಿ ಹೇಳಿದ್ದನ್ನು ಮಲಗುವ ಶೆಡ್ಡಿನಲ್ಲಿ ಹಲಗೆಯಿಂದ ಹಲಗೆಗೆ ಹೋಗಿ ಒಬ್ಬೊಬ್ಬರಿಗೂ ಹೇಳಿದಳು. ಬೆಳಗಾಗುತ್ತಲೇ ಬೇಸಿನ್ ಬಿಟ್ಟು ಮೆಹರಳ ಮನೆಗೆ ಹೋಗಿ ಗಫಾರನ ಚಾಪೆಯ ಮೇಲೆ ಕೂತಳು.

"ಏನು ಮಾಡ್ತಿದೀರಿ ಖಾಲಾ?" ಎಂದಳು ಶಬೀನಾ. ದನಿಯಲ್ಲಿ ಪ್ರೀತಿ ಇರಲಿಲ್ಲ.

"ನಿಮ್ಮಮ್ಮಂದು ತೊಂಬತ್ತೆರಡು ದಿನ ಉಳ್ಕಂಡೈತೆ. ಕೂತ್ಕತೀನಿ."

"ಸತ್ತವರ ಇದ್ದತ್ ಬೇರೆಯವರು ಕೂರೋಕಾಗಲ್ಲ. ನಮ್ಮಲ್ಲಿ ಹಂಗೆಲ್ಲ ಇಲ್ಲ."

"ಇಲ್ದಿದ್ರೆ ಬ್ಯಾಡ. ನಿಮ್ಮದೂ ಅಲ್ಲ, ನಮ್ಮದೂ ಅಲ್ಲ. ಅವಳನ್ನ ಅರ್ಧಕ್ಕೆ ಎಬ್ಬಿಸಿದ್ರು, ನಾನು ಕೂತ್ಕತೀನಿ, ಅಷ್ಟೆ."

ಹೋಗಿ ಬರುವ ದಾರಿ ಕಳೆದರೆ ಒಬ್ಬಳಿಗೆ ಸಿಗುವುದು ಎರಡು ಗಂಟೆ ಇಪ್ಪತ್ತು ನಿಮಿಷ. ಅದು ಮುಗಿಯುವ ಹೊತ್ತಿಗೆ ಗೌರಮ್ಮ ಬಂದು ಬಾಗಿಲಲ್ಲಿ ನಿಂತಳು. "ಏಳು. ನನ್ ಸರದಿ," ಎಂದಳು. ಗೌರಮ್ಮನ ನಂತರ ಇನ್ನೊಬ್ಬಳು. ಬೆಳಗಿನಿಂದ ಸಂಜೆಯವರೆಗೆ ಚಾಪೆ ಖಾಲಿ ಬೀಳಲಿಲ್ಲ. ಒಲೆ ಯಾರೂ ಹಚ್ಚಲಿಲ್ಲ. ಎದೆಯಲ್ಲಿದ್ದಷ್ಟು ಉಸಿರು ಕೂತು ಖರ್ಚು ಮಾಡಿ ಎದ್ದು ಹೋಗುವುದು. ಎರಡನೆಯ ದಿನಕ್ಕೆ ಒಬ್ಬೊಬ್ಬರಲ್ಲ, ಹತ್ತು ಹತ್ತು ಜನ ಬಂದರು. ಒಳಗೆ ಜಾಗವಿಲ್ಲದೆ ಬೀದಿಯಲ್ಲಿ ಕೂತರು. ಕಾರ್ಖಾನೆಯಲ್ಲಿ ಕಾದ ನೀರು ಕಾದಂತೆಯೇ ಇತ್ತು, ಗೂಡು ಬೆಂದು ಕರಗಿ ಗಂಜಿಯಾಯಿತು. ಮನೆಗೊಂದು ಹಲಗೆ ಕೊಡಿ, ನೋಡುತ್ತ ಕೂತಿದ್ದೆವೆಂದು ಬರೆದು ಕೊಡಿ. ಕೇಳಿದ್ದು ಎರಡೇ.

ಒಂಬತ್ತನೆಯ ದಿನ ನಸುಕಿನಲ್ಲೇ ಸುಧನ್ವ ಕಂಟ್ರೋಲ್ ರೂಮಿಗೆ ಬಂದರು. "ಹಲಗೆಗಳ ಮಿಡಿತ ಮೂರರಲ್ಲಿ ಒಂದು ಪಾಲಿಗೆ ಇಳಿಸಿ. ಕೂತಿರೋವರೆಗೆ ಉಸಿರಿಗೆ ಸಾಕಾಗುತ್ತೆ. ಎದ್ದು ಹೋದ್ರೆ ಗುಂಗು ಒಂದು ಗಂಟೆಗೆ ಮುಗಿಯುತ್ತೆ."

"ಅವರಿಗೆ ತಿಳಿಸ್ಬೇಕಲ್ಲ ಸಾರ್. ದಾರೀಲಿ ಬಿದ್ದುಬಿಡ್ತಾರೆ."

"ಬೀಳಲ್ಲ. ಎದೆ ಬಿಗಿದ ತಕ್ಷಣ ವಾಪಸ್ ಬರ್ತಾರೆ. ಸಂಜೆ ಆದ್ರೆ ದನ ತಾವೇ ಕೊಟ್ಟಿಗೆಗೆ ಬರಲ್ವಾ." ಅವರು ಕಾದರು. ನಳಿನಾಕ್ಷಿಯ ಕೈ ಕೀಲಿಮಣೆಯ ಮೇಲೆ ಸುಮ್ಮನಿತ್ತು. "ನೀವು ಇಳಿಸದಿದ್ರೆ ನಾನು ಇಳಿಸ್ತೀನಿ. ವ್ಯತ್ಯಾಸ ನಿಮಗೆ ಮಾತ್ರ."

ಅವಳು ಇಳಿಸಿದಳು.

ಬೆಳಗಿನ ಹಲಗೆಯಿಂದ ಎದ್ದು ಬಂದಿದ್ದ ರೋಣಮ್ಮ ಐವತ್ತು ನಿಮಿಷಕ್ಕೇ ಎದೆಯೊಳಗೆ ಸೀಟಿ ಕೇಳಿದಳು. ಗಡಿಯಾರ ನೋಡಿದಳು. "ಮೇಲಿಂದ ಕಮ್ಮಿ ಮಾಡವ್ರೆ," ಎಂದಳು. ಬೀದಿಯಲ್ಲಿ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದೆ ಹಿಡಿದುಕೊಂಡು ಎದ್ದರು. ಅವರು ಹೇಡಿಗಳಲ್ಲ. ಉಸಿರು ಕಟ್ಟಿದಾ‌ಗ ಕಾಲು ಯಾರ ಮಾತೂ ಕೇಳುವುದಿಲ್ಲ. ಕಾರ್ಖಾನೆಗೆ ವಾಪಸ್ ಹೊರಟಿದ್ದ ಗೌರಮ್ಮ ಗೂಡು ಮಾರ್ಕೆಟ್ಟಿನ ತಿರುವಿನಲ್ಲಿ ಕುಸಿದಳೆಂದು ಯಾರೋ ಕೂಗಿ ಹೇಳಿದರು.

"ನೀವೂ ಹೋಗಿ ಖಾಲಾ," ಎಂದಳು ಶಬೀನಾ.

"ಚಾಪೆ ಖಾಲಿ ಬೀಳ್ತೈತೆ."

"ಬೀಳ್ಲಿ. ಅಮ್ಮಿ ಚಾಪೆ ಅದು, ನಂದು. ನಾನು ಹೇಳ್ತಿದೀನಿ ಹೋಗಿ."

ರೋಣಮ್ಮ ತಲೆಯಾಡಿಸಿದಳು. ಮಾತಿಗೆ ಖರ್ಚು ಮಾಡಲು ಅವಳ ಬಳಿ ಏನೂ ಉಳಿದಿರಲಿಲ್ಲ. ಶಬೀನಾ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. ಈ ಹೆಂಗಸು ತನ್ನ ತಾಯಿಯನ್ನು ಕೊಂದವಳು. ತಾಯಿಗಾಗಿ ಸಾಯುತ್ತಿರುವವಳು. ಎರಡನ್ನೂ ಒಟ್ಟಿಗೆ ಯೋಚಿಸಲು ಅವಳಿಗೆ ಆಗಲಿಲ್ಲ. ಓಡಿಹೋಗಿ ಮಾರ್ಕೆಟ್ಟಿನಿಂದ ಅಪ್ಪನ ಜೊತೆಯವರನ್ನು ಕರೆತಂದಳು.

ಹಮಾಲಿಗಳು ಆಗಲೇ ಗೌರಮ್ಮನನ್ನು ಗೇಟಿಗೆ ಮುಟ್ಟಿಸಿ ಬಂದಿದ್ದರು. ರೋಣಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೆರಳು ಬಿಡಿಸಬೇಕಾಯಿತು. ಗೂಡಿನ ಮೂಟೆ ಹೊರುವ ಹಾಗೆ ಅವಳನ್ನು ಹೆಗಲಿಗೆ ಹಾಕಿಕೊಂಡು ಓಡಿದರು. ದಾರಿಯುದ್ದಕ್ಕೂ ಅವಳು ದುರ್ಬಲ ಮುಷ್ಟಿಯಿಂದ ಹೊತ್ತವನ ಬೆನ್ನು ಗುದ್ದುತ್ತಿದ್ದಳು. ಕಾವಲುಗಾರ ಗೇಟು ತೆರೆದ. ಮೊದಲ ಹಲಗೆಯ ಮೇಲೆ ಹಾಕಿದರು.

ಅವಳಿಗೆ ಆ ಉಸಿರು ಬೇಡವಾಗಿತ್ತು. ಬಾಯಿ ಬಿಗಿ ಹಿಡಿದಳು, ಮೂಗಿಗೆ ಕೈ ಒತ್ತಿದಳು. ಆದರೆ ಕತ್ತಿನೊಳಗಿನ ಲೋಳೆ ಅವಳನ್ನು ಕೇಳಲಿಲ್ಲ. ಎದೆ ತಾನಾಗಿ ತೆರೆದುಕೊಂಡು ಹಸಿದ ನಾಯಿಯ ಹಾಗೆ ಗಾಳಿ ತಿಂದಿತು. ಹತ್ತು ನಿಮಿಷದಲ್ಲಿ ತುಟಿಗೆ ಬಣ್ಣ ಬಂತು. ಡಾಕ್ಟರ್ ಸುಧನ್ವ ಕೆಳಗಿಳಿದು ಬಂದು ನಾಡಿ ನೋಡಿದರು.

"ತೆಗೀರಿ ಇದನ್ನ," ಎಂದಳು ಕತ್ತು ತೋರಿಸಿ.

"ನರಕ್ಕೆ ಹೆಣೆದುಕೊಂಡಿದೆ ಅಮ್ಮ. ತೆಗೆಯೋಕೆ ಬರಲ್ಲ."

ಮೇಸ್ತ್ರಿ ಬಂದು, ಬೇಸಿನ್ ಕಾಯ್ತಾ ಇದೆ ಎಂದ. ಅವಳು ಅಲ್ಲೇ ಮುದುಡಿಕೊಂಡು ಅತ್ತಳು. ಅಳುವುದಕ್ಕೂ ಉಸಿರು ಬೇಕಾಗಿತ್ತು, ಅದನ್ನೂ ಹಲಗೆಯೇ ಕೊಟ್ಟಿತು.

ಸಂಜೆಯೊಳಗೆ ನೂರಮೂವತ್ತೊಂಬತ್ತು ಚುಕ್ಕಿಗಳೂ ಪರದೆಯ ಮೇಲೆ ಕಾರ್ಖಾನೆಯ ಗೆರೆಯೊಳಗಿದ್ದವು. ಸುಧನ್ವ ಮೇಲೆ ಬಂದು ಪರದೆ ನೋಡಿ ಕನ್ನಡಕ ಒರೆಸಿಕೊಂಡರು. "ಮುಗೀತಲ್ಲ. ನಾಳೆಗೆ ಎಷ್ಟು ಗೂಡು ಬರ್ತಿದೆ?"

"ಬಂದಿದೆ ಸಾರ್. ಲಾರಿ ಗೇಟಿನ ಹೊರಗೇ ನಿಂತಿದೆ. ಯಾರೂ ಇಳಿಸ್ತಿಲ್ಲ."

"ಯಾಕೆ? ಹಮಾಲಿಗಳು?"

"ಕೂತಿದ್ದಾರೆ."

"ಎಲ್ಲಿ?"

"ಗೇಟಿಗೆ ಅಡ್ಡ, ಚಾಪೆ ಹಾಸ್ಕೊಂಡು. ಮುಂದೆ ಒಂದು ಹುಡುಗಿ ಕೂತಿದೆ, ಏಳನೇ ನಂಬರಿನವರ ಮಗಳು. ಹಿಂದೆ ಅವರು."

ಸುಧನ್ವ ಪರದೆಯತ್ತ ಬಗ್ಗಿದರು. ಗೇಟಿನ ಹೊರಗೆ ಅಲ್ಲಿ ಬರೀ ಕಪ್ಪು. "ಎಷ್ಟು ಜನ?"

"ಇದರಲ್ಲಿ ಕಾಣಲ್ಲ ಸಾರ್," ಎಂದಳು ನಳಿನಾಕ್ಷಿ. "ಅವರ ಕೊರಳಲ್ಲಿ ಬಿಲ್ಲೆ ಇಲ್ಲ. ಕತ್ತೊಳಗೆ ಲೋಳೆಯೂ ಇಲ್ಲ. ನೀವು ಇಲ್ಲಿ ಬಂದು ಕಿಟಕೀಲಿ ನೋಡ್ಬೇಕು."